ಆ್ಯಪ್ ಆಮೇಲೆ ಮಾಡೋಣ, ಮೊದಲು ಫೋಟೋ ನೆಟ್ಟಗೆ ತೆಗೆಯೋಣ

ಹ್ಯಾಕಥಾನ್ ಅಂದ್ರೆ ಸಾಕು, ಎರಡು ಮೂರು ತಂಡಗಳಾದರೂ ಒಂದೇ ಐಡಿಯಾ ಹಿಡ್ಕೊಂಡು ಬರ್ತವೆ. ರೈತರು, ನೇಕಾರರು ಮಧ್ಯವರ್ತಿ ಇಲ್ಲದೆ ನೇರವಾಗಿ ಗ್ರಾಹಕರಿಗೆ ಮಾರುವ ಆ್ಯಪ್. ಲಾಗಿನ್ ಪೇಜ್ ಇರುತ್ತೆ, ಪೇಮೆಂಟ್ ಗೇಟ್‌ವೇ ಇರುತ್ತೆ, ಡ್ಯಾಶ್‌ಬೋರ್ಡಿನಲ್ಲಿ ಗ್ರಾಫ್ ಕುಣೀತಿರುತ್ತೆ. ಸೀರೆಯ ಫೋಟೋ ಮಾತ್ರ ಗೂಗಲ್‌ನಿಂದ ಇಳಿಸಿದ್ದು. ಕಡಲೆಕಾಯಿಯ ಫೋಟೋ ಯಾವ ದೇಶದ್ದೋ, ನಮ್ಮ ಹೊಲದ ಕೆಮ್ಮಣ್ಣಿನ ಒಂದು ಕಣವೂ ಅದರ ಮೇಲಿಲ್ಲ. ತೀರ್ಪುಗಾರರು ಕೋಡ್ ಬಗ್ಗೆ ಕೇಳ್ತಾರೆ, ಸರ್ವರ್ ಬಗ್ಗೆ ಕೇಳ್ತಾರೆ. ಈ ಫೋಟೋ ಯಾರು ತೆಗೀತಾರಪ್ಪ ಅಂತ ಯಾರೂ ಕೇಳಲ್ಲ. ಆ್ಯಪ್ ಡೆಮೊ ದಿನಕ್ಕೇ ಹುಟ್ಟಿ ಡೆಮೊ ದಿನಕ್ಕೇ ಸಾಯುತ್ತೆ.

ನಾವು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯವರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ತುಮಕೂರು ಬೇರೆ, ಮಧುಗಿರಿ ಬೇರೆ ಅಂತ ಪಟ್ಟಿಯಲ್ಲಿ ಬರುತ್ತಲ್ಲ, ಆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕಿನವರು. ಮಳೆಗೆ ಬರ ಇರಬಹುದು, ಮಾರುವ ವಸ್ತುವಿಗೆ ನಮ್ಮ ಕಡೆ ಬರ ಇಲ್ಲ. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಶಿರಾ ಕಡೆ ಕುರಿ ಉಣ್ಣೆಯ ಕಂಬಳಿ. ಹುಣಸೆಹಣ್ಣು, ಕಡಲೆಕಾಯಿ, ಗಾಣದ ಎಣ್ಣೆ ಎಲ್ಲಾ ಕಡೆ. ಮಾರೋಕೆ ಜಾಗವೂ ಈಗಾಗಲೇ ಇದೆ. ಅಮೆಜಾನ್ ಇದೆ, ಮೀಶೋ ಇದೆ, ಇನ್‌ಸ್ಟಾಗ್ರಾಮ್ ಇದೆ, ಏನೂ ಇಲ್ಲದಿದ್ದರೆ ವಾಟ್ಸ್ಆ್ಯಪ್ ಸ್ಟೇಟಸ್ಸಾದರೂ ಇದೆ. ಇಲ್ಲದೇ ಇರೋದು ಆ ವಸ್ತುವನ್ನ ಇದ್ದ ಹಾಗೆ ತೋರಿಸೋ ಫೋಟೋ. ಅದನ್ನ ತೆಗೆಯಬೇಕಾದವರು ನಾವೇ, ತೆಗೆಯಬೇಕಾದ ಜಾಗ ನಮ್ಮ ಮನೆಯೇ ಅನ್ನೋದು ನಮ್ಮ ವಾದ.

ಇದ್ದ ಹಾಗೆ ಅನ್ನೋ ಮಾತಿಗೆ ಯಾಕಿಷ್ಟು ಒತ್ತು ಕೊಡ್ತಿದ್ದೀವಿ ಅಂದ್ರೆ, ಆನ್‌ಲೈನ್ ವ್ಯಾಪಾರದಲ್ಲಿ ಲಾಭ ತಿನ್ನೋದು ಮಧ್ಯವರ್ತಿ ಒಬ್ಬನೇ ಅಲ್ಲ, ವಾಪಸ್ ಬರೋ ಪಾರ್ಸೆಲ್ ಕೂಡ. ಒಂದು ರೇಷ್ಮೆ ಸೀರೆ ಮಗ್ಗದಿಂದ ಇಳಿಯೋಕೆ ದಿನಗಟ್ಟಲೆ ಬೇಕು. ಅದು ಬೆಂಗಳೂರಿಗೋ ಪುಣೆಗೋ ಹೋಗಿ, ಬಿಚ್ಚಿ, ಹೆಗಲ ಮೇಲೆ ಹಾಕಿ ನೋಡಿ, 'ಫೋಟೋದಲ್ಲಿ ಇದ್ದ ಬಣ್ಣ ಇದಲ್ಲ' ಅಂತ ವಾಪಸ್ ಬಂದರೆ, ಹೋಗಿಬರೋ ಖರ್ಚು ಮನೆಯವರ ತಲೆಗೇ. ಮಡಿಕೆ ಕೆಟ್ಟಿರುತ್ತೆ, ಯಾರದೋ ಸೆಂಟಿನ ವಾಸನೆ ಹಿಡಿದಿರುತ್ತೆ. ಹಾಕಿದ ರೇಷ್ಮೆ, ಜರಿ, ಕೂಲಿಯ ದುಡ್ಡು ಅಷ್ಟು ದಿನ ಸೀರೆಯಲ್ಲೇ ಸಿಕ್ಕಿಕೊಂಡಿರುತ್ತೆ. ದೊಡ್ಡ ಅಂಗಡಿಗೆ ಇದೊಂದು ಲೆಕ್ಕ ಅಲ್ಲ. ಎರಡು ಮಗ್ಗದ ಮನೆಗೆ ಇದು ಆ ತಿಂಗಳ ಅಕ್ಕಿ ಬೇಳೆ.

ಕೊಂಡವರನ್ನ ಬೈಯೋ ಹಾಗೂ ಇಲ್ಲ. ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳು 2020ರಲ್ಲಿ ಬಂದವು. ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ನ್ಯಾಯವೇ. ನಾವು ಗಾಂಧಿ ಬಜಾರಿನ ಅಂಗಡಿಯಲ್ಲಿ ಸೀರೆಯನ್ನ ಬಾಗಿಲ ಬೆಳಕಿಗೆ ತಂದು ನೋಡ್ತೀವಲ್ಲ, ಆನ್‌ಲೈನ್‌ನಲ್ಲಿ ಕೊಳ್ಳೋರಿಗೆ ಆ ಬಾಗಿಲ ಬೆಳಕು ಫೋಟೋದಲ್ಲೇ ಸಿಗಬೇಕು.

ಬಣ್ಣ ಯಾಕೆ ತಪ್ಪುತ್ತೆ? ಇದಕ್ಕೆ ಉತ್ತರ ನಮ್ಮ ಸಿಲಬಸ್ಸಿನಲ್ಲೇ ಇದೆ. ಇಮೇಜ್ ಪ್ರೊಸೆಸಿಂಗ್ ಓದುವವರಿಗೆ 'ಗ್ರೇ ವರ್ಲ್ಡ್' ಅನ್ನೋ ಊಹೆ ಗೊತ್ತಿರುತ್ತೆ. ಒಂದು ದೃಶ್ಯದ ಎಲ್ಲಾ ಬಣ್ಣಗಳ ಸರಾಸರಿ ಬೂದು ಬಣ್ಣಕ್ಕೆ ಹತ್ತಿರ ಇರುತ್ತೆ ಅಂತ ಕ್ಯಾಮೆರಾ ಅಂದುಕೊಂಡು ವೈಟ್ ಬ್ಯಾಲೆನ್ಸ್ ಸರಿ ಮಾಡುತ್ತೆ. ಮನೆ, ಮರ, ಆಕಾಶ ಎಲ್ಲಾ ಇರೋ ಫೋಟೋಗೆ ಇದು ಸರಿ. ಆದರೆ ಅರಿಶಿನ ಬಣ್ಣದ ಸೀರೆಯನ್ನ ಫ್ರೇಮ್ ತುಂಬಾ ಹರಡಿದರೆ? ಬೆಳಕೇ ಹಳದಿ ಇರಬೇಕು ಅಂತ ಅದು ತಿಳ್ಕೊಂಡು ನೀಲಿ ಸೇರಿಸುತ್ತೆ. ಅರಿಶಿನ ಹೋಗಿ ಮಾಸಿದ ಬೆಣ್ಣೆ ಬಣ್ಣ ಆಗುತ್ತೆ. ಈಗಿನ ಫೋನ್‌ಗಳು ಇದಕ್ಕಿಂತ ಜಾಣ ಇವೆ ನಿಜ, ಆದರೂ ದಾರಿ ತಪ್ಪಿದಾಗ ತಪ್ಪೋದು ಇದೇ ತಿರುವಿನಲ್ಲಿ. ಉಪಾಯ ಬಹಳ ಸರಳ. ಸೀರೆಯ ಪಕ್ಕದಲ್ಲಿ, ಅದೇ ಬೆಳಕಿನಲ್ಲಿ, ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಆ ಹಾಳೆ ಫೋಟೋದಲ್ಲಿ ಬಿಳಿಯಾಗಿ ಕಂಡರೆ ಸೀರೆಯ ಬಣ್ಣ ಬಹುಪಾಲು ನೆಟ್ಟಗಿದೆ. ಹಾಳೆಯನ್ನ ಆಮೇಲೆ ಕ್ರಾಪ್ ಮಾಡಬಹುದು. ಮಾಡದೇ ಬಿಟ್ಟರೂ ನಷ್ಟ ಇಲ್ಲ.

ಎರಡನೇ ಶತ್ರು ಮನೆಯ ಟ್ಯೂಬ್‌ಲೈಟ್. ಕಿಟಕಿಯಿಂದ ಒಂದು ಬಣ್ಣದ ಬೆಳಕು, ಟ್ಯೂಬಿನಿಂದ ಇನ್ನೊಂದು. ಕ್ಯಾಮೆರಾ ಯಾವುದಕ್ಕೆ ಹೊಂದಿಕೊಳ್ಳಬೇಕು? ಸೀರೆಯ ಒಂದು ಬದಿ ನೀಲಿ ಹೊಡೀತಿರುತ್ತೆ, ಇನ್ನೊಂದು ಬದಿ ಹಳದಿ. ಅದರ ಮೇಲೆ ಅಗ್ಗದ ಎಲ್‌ಇಡಿ ಬಲ್ಬುಗಳ ಬೆಳಕಿನಲ್ಲಿ ಗಾಢ ಕೆಂಪಿನ ಅಂಶ ಕಡಿಮೆ. ಕುಂಕುಮ ಬಣ್ಣದ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಹಾಗಾಗಿ ಫೋಟೋ ತೆಗೆಯೋ ಮುಂಚೆ ಸ್ವಿಚ್ ಆರಿಸಿ. ರಿಂಗ್ ಲೈಟ್ ಕೊಡಿಸಿ ಅಂತ ಮನೆಯಲ್ಲಿ ಕೇಳಬೇಡಿ. ತಿರುಮಣಿ ಸುತ್ತಲಿನ ಐದು ಹಳ್ಳಿಯ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇಟ್ಟುಕೊಂಡಿರೋ ತಾಲ್ಲೂಕಿನವರು ಫೋಟೋಗೆ ಬೆಳಕು ಸಾಲಲ್ಲ ಅಂದ್ರೆ ಯಾರು ನಂಬ್ತಾರೆ?

ಬೆಳಕಿನ ವಿಷಯಕ್ಕೆ ಬಂದರೆ ಒಂದು ಮಾತು ಬಿಡಿಸಿ ಹೇಳಬೇಕು, ಯಾಕಂದ್ರೆ ಯೂಟ್ಯೂಬ್‌ನ ಪಾಠಗಳು ಇಲ್ಲಿ ನಮ್ಮನ್ನ ಕೈಬಿಡ್ತವೆ. ಇಂಗ್ಲಿಷ್ ವಿಡಿಯೋಗಳಲ್ಲಿ ಉತ್ತರ ದಿಕ್ಕಿನ ಕಿಟಕಿ ಹುಡುಕಿ, ಅಲ್ಲಿ ನೇರ ಬಿಸಿಲು ಬರಲ್ಲ ಅಂತ ಹೇಳ್ತಾರೆ. ಲಂಡನ್ನಿನಲ್ಲಿ ಸರಿ. ಮಧುಗಿರಿ ಇರೋದು ಸುಮಾರು 13.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ವಾಲ್ತಾನೆ, ಆಗಸ್ಟ್ ಮೂರನೇ ವಾರದ ಹೊತ್ತಿಗೆ ಮತ್ತೆ ದಕ್ಷಿಣಕ್ಕೆ ಬರ್ತಾನೆ. ಆ ನಾಲ್ಕು ತಿಂಗಳು ನಮಗೆ ನೆರಳಿನ ಕಿಟಕಿ ದಕ್ಷಿಣದ್ದು. ಉಳಿದ ಎಂಟು ತಿಂಗಳು ಉತ್ತರದ್ದು. ಪಾವಗಡ ಇನ್ನೂ ಸ್ವಲ್ಪ ಮೇಲಿದೆ, ಕೊರಟಗೆರೆ ಸ್ವಲ್ಪ ಕೆಳಗೆ, ಅಬ್ಬಬ್ಬಾ ಅಂದ್ರೆ ಒಂದೆರಡು ದಿನ ಆಚೀಚೆ. ಕಿಟಕಿಯೇ ಸರಿ ಇಲ್ಲದ ಹಳೇ ಮನೆಗಳಲ್ಲಿ ಗವಾಕ್ಷಿ ಇರುತ್ತೆ. ಅದರ ಕೆಳಗೆ ಅಜ್ಜನ ಬಿಳಿ ಪಂಚೆಯನ್ನ ನಾಲ್ಕು ಮೂಲೆಗೆ ಕಟ್ಟಿ ನೋಡಿ. ಸ್ಟುಡಿಯೋದವರು ಸಾಫ್ಟ್‌ಬಾಕ್ಸ್ ಅಂತ ದುಡ್ಡು ಕೊಟ್ಟು ತರೋದು ಇದನ್ನೇ. ನೆರಳಿನ ಬದಿಗೆ ಒಂದು ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಮುಗೀತು.

ರೇಷ್ಮೆಗೆ ಇನ್ನೊಂದು ತೊಡಕಿದೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರೋ ಸೀರೆ, ಅಂಗಡಿಯವರು ಡಬಲ್ ಶೇಡ್ ಅಂತಾರಲ್ಲ, ಅದು ಈ ಕಡೆಯಿಂದ ಹಸಿರು, ಆ ಕಡೆಯಿಂದ ನೀಲಿ. ಒಂದೇ ಫೋಟೋದಲ್ಲಿ ಅದನ್ನ ತೋರಿಸೋಕೆ ಆಗಲ್ಲ. ಎರಡು ಕೋನದಿಂದ ಎರಡು ಫೋಟೋ, ಇಲ್ಲಾ ಸೆರಗನ್ನ ನಿಧಾನವಾಗಿ ತಿರುಗಿಸೋ ಹತ್ತು ಸೆಕೆಂಡಿನ ವಿಡಿಯೋ ಬೇಕು. ಜೊತೆಗೆ ಅಂಚಿನ ಹಿಂಬದಿ. ಸೀರೆ ಬಲ್ಲ ಹೆಂಗಸರು ಮೊದಲು ತಿರುಗಿಸಿ ನೋಡೋದು ಅದನ್ನೇ. ಕೇಂದ್ರ ರೇಷ್ಮೆ ಮಂಡಳಿ ಕಡೆಯ ಸಿಲ್ಕ್ ಮಾರ್ಕ್ 2004ರಿಂದ ಇದೆ. ಆ ಚೀಟಿ ಸೀರೆಗೆ ಇದ್ದರೆ ಅದನ್ನೂ ಹತ್ತಿರದಿಂದ ತೆಗೆಯಿರಿ.

ಕೊಳ್ಳೋರ ಫೋನಿನ ಪರದೆ ನಮ್ಮ ಕೈಯಲ್ಲಿಲ್ಲ. ಒಂದರಲ್ಲಿ ಬಣ್ಣ ಉಕ್ಕುತ್ತೆ, ಇನ್ನೊಂದರಲ್ಲಿ ಬಾಡುತ್ತೆ. ಇದಕ್ಕೆ ಔಷಧಿ ಭಾಷೆಯಲ್ಲಿದೆ ಅಂತ ಕನ್ನಡ ಸಂಘದವರಾಗಿ ನಾವು ಹೇಳದೆ ಇನ್ಯಾರು ಹೇಳ್ಬೇಕು! 'ಪಿಂಕ್' ಅಂತ ಬರೆದರೆ ಏನೂ ಗೊತ್ತಾಗಲ್ಲ. ಈರುಳ್ಳಿ ಬಣ್ಣ ಅನ್ನಿ, ಕನಕಾಂಬರ ಅನ್ನಿ, ಗಿಳಿ ಹಸಿರು, ಮಾವಿನ ಚಿಗುರು, ಬದನೆ ಬಣ್ಣ, ಆನಂದ ನೀಲಿ ಅನ್ನಿ. ಓದಿದವರ ತಲೆಯಲ್ಲಿ ಅವರ ಪರದೆಗಿಂತ ನಿಖರವಾದ ಬಣ್ಣ ಮೂಡುತ್ತೆ. ಕನಕಾಂಬರ ಬಣ್ಣದ ಸೀರೆ ಮೇಲೆ ಒಂದು ಮೊಳ ಕನಕಾಂಬರ ಹೂವೇ ಇಟ್ಟು ಫೋಟೋ ತೆಗೆದರಂತೂ ಮಾತೇ ಬೇಡ.

ಕಂಬಳಿಯದು ಇದಕ್ಕೆ ತದ್ವಿರುದ್ಧ ಕಥೆ. ಅಲ್ಲಿ ಬಣ್ಣದ ಜಗಳ ಇಲ್ಲ, ಕಪ್ಪಿನ ಜಗಳ. ಕ್ಯಾಮೆರಾದ ಮೀಟರ್ ಎದುರಿಗೆ ಇರೋದನ್ನ ಮಧ್ಯಮ ಬೂದು ಅಂತ ಭಾವಿಸಿ ಬೆಳಕು ಅಳೆಯುತ್ತೆ. ಕರಿ ಕಂಬಳಿಯನ್ನ ಫ್ರೇಮ್ ತುಂಬಾ ಹಾಸಿದರೆ ಕತ್ತಲಾಯ್ತು ಅಂತ ಗಾಬರಿಯಾಗಿ ಎಕ್ಸ್‌ಪೋಶರ್ ಏರಿಸುತ್ತೆ. ಕಂಬಳಿ ಬೂದಿ ಹೊಡೆದ ಹಾಗೆ, ಹತ್ತು ಸಲ ಒಗೆದ ಹಾಗೆ ಕಾಣುತ್ತೆ. ಮನೆಯ ದೊಡ್ಡವರು ಅದನ್ನ ನೋಡಿ 'ಇದ್ಯಾರ ಮನೇದು' ಅಂತ ಕೇಳಿದರೆ ತಪ್ಪಿಲ್ಲ. ಪರದೆ ಮೇಲೆ ಬೆರಳಿಟ್ಟು ಎಕ್ಸ್‌ಪೋಶರ್ ಗೆರೆಯನ್ನ ಕೆಳಗೆ ಎಳೆಯಿರಿ, ಕಪ್ಪು ಕಪ್ಪಾಗಿ ಬರುತ್ತೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ವಸ್ತು ಇದ್ದರೆ ಇದರ ಉಲ್ಟಾ, ಮೇಲಕ್ಕೆ ಎಳೆಯಬೇಕು. ನೇಯ್ಗೆಯ ಒರಟು ಕಾಣಬೇಕು ಅಂದ್ರೆ ಬೆಳಗಿನ ಅಡ್ಡ ಬೆಳಕು ಬೇಕು, ಏಳೂವರೆ ಎಂಟರ ಹೊತ್ತಿನ ಜಗಲಿ ಬಿಸಿಲು. ಒಂದೊಂದು ಎಳೆಗೂ ತನ್ನದೇ ಸಣ್ಣ ನೆರಳು ಬೀಳುತ್ತೆ. ಹುಣಸೆ ಬೀಜದ ಸರಿ ಹಚ್ಚಿ ಬಿಗಿ ಮಾಡಿದ ಕಂಬಳಿ ಮುಟ್ಟಿದರೆ ಚುಚ್ಚುತ್ತೆ. ಆ ಚುಚ್ಚೋದು ಫೋಟೋದಲ್ಲಿ ಕಾಣಬೇಕು. ಮೆತ್ತಗಿನ ಶಾಲು ಅಂದುಕೊಂಡು ಕೊಂಡವರು ವಾಪಸ್ ಕಳಿಸ್ತಾರೆ, ಚುಚ್ಚೋದೇ ಬೇಕು ಅನ್ನೋರು ಇಟ್ಕೊಳ್ತಾರೆ.

ಎಣ್ಣೆ ಬಾಟಲಿಗೆ ಹಿಂದಿನಿಂದ ಬೆಳಕು ಬರಬೇಕು, ಹಿಂದೆ ಒಂದು ಬಿಳಿ ಹಾಳೆ ಸಾಕು. ಮುಂದಿನಿಂದ ಬೆಳಕು ಬಿದ್ದರೆ ಬಾಟಲಿಯಲ್ಲಿ ಕಾಣೋದು ಎಣ್ಣೆಯಲ್ಲ, ಲುಂಗಿ ಉಟ್ಟು ಫೋನ್ ಹಿಡಿದ ನಾವು. ಗಾಣದ ಎಣ್ಣೆಯಲ್ಲಿ ತಳದಲ್ಲಿ ಗಸಿ ಇರುತ್ತೆ. ಅದನ್ನ ಮುಚ್ಚಿಡೋಕೆ ಲೇಬಲ್ಲನ್ನ ಕೆಳಗೆ ಅಂಟಿಸೋ ಜಾಣರಿದ್ದಾರೆ. ತೋರಿಸಿ ಬಿಡ್ರಿ, 'ತಳದಲ್ಲಿ ಗಸಿ ಇರುತ್ತೆ' ಅಂತ ಒಂದು ಸಾಲು ಬರೀರಿ. ಹುಣಸೆಹಣ್ಣಿಗೆ ತಾರೀಖು ಮುಖ್ಯ. ಹೊಸ ಹಣ್ಣು ಕೆಂಗಂದು ಬಣ್ಣ ಇರುತ್ತೆ, ತಿಂಗಳು ಕಳೆದ ಹಾಗೆ ಕಪ್ಪಾಗುತ್ತೆ. ಮಾರ್ಚ್‌ನಲ್ಲಿ ತೆಗೆದ ಫೋಟೋ ಹಾಕಿ ದೀಪಾವಳಿಗೆ ಮಾರಿದರೆ ಅದು ಸುಳ್ಳೇ. ಹಳೇ ಹುಣಸೆಗೆ ಅದರದೇ ಗಿರಾಕಿ ಇದ್ದಾರೆ, ಹಳೇದರ ಫೋಟೋ ಹಾಕಿ ಅವರಿಗೇ ಮಾರಿ.

ಈಗ ನಮ್ಮ ಕ್ಯಾಂಪಸ್ಸಿನಲ್ಲಿ ಹೆಚ್ಚು ಜಗಳಕ್ಕೆ ಕಾರಣವಾಗಿರೋ ವಿಷಯ. 'ಇಷ್ಟೆಲ್ಲಾ ಯಾಕೆ, ಎಐಗೆ ಕೊಟ್ಟರೆ ಎರಡು ನಿಮಿಷ' ಅನ್ನೋ ಗೆಳೆಯರಿದ್ದಾರೆ. ಮಡಚಿದ ಸೀರೆಯ ಫೋಟೋ ಕೊಟ್ಟರೆ ರೂಪದರ್ಶಿಗೆ ಉಡಿಸಿ, ಹಿಂದೆ ಅರಮನೆ ನಿಲ್ಲಿಸಿ ಕೊಡುತ್ತೆ. ನಾವೂ ನೋಡಿದ್ದೀವಿ, ಚಂದ ಇರುತ್ತೆ. ಆದರೆ ಹತ್ತಿರ ಹೋಗಿ ಬುಟ್ಟಾ ನೋಡಿ. ಮಗ್ಗದಲ್ಲಿ ನೇಯ್ದಿದ್ದು ಒಂದು, ಅದು ಬಿಡಿಸಿದ್ದು ಇನ್ನೊಂದು. ಕಾಣದ ಸೆರಗನ್ನ ಅದು ಊಹೆ ಮಾಡಿ ತುಂಬುತ್ತೆ. ಊಹೆ ಮಾಡಿದ ಸೆರಗನ್ನ ಪಾರ್ಸೆಲ್ ಮಾಡೋಕೆ ಆಗುತ್ತಾ? ಹಿನ್ನೆಲೆ ಅಳಿಸೋಕೆ ಮಾತ್ರ ಸಾಫ್ಟ್‌ವೇರ್ ಬಳಸೋದಕ್ಕೆ ನಮ್ಮ ತಕರಾರಿಲ್ಲ. ಅಮೆಜಾನ್‌ನಲ್ಲಿ ಮೊದಲ ಫೋಟೋಗೆ ಅಪ್ಪಟ ಬಿಳಿ ಹಿನ್ನೆಲೆ ಬೇಕು, ಮೂರೂ ಬಣ್ಣದ ಬೆಲೆ 255 ಇರಬೇಕು, ವಸ್ತು ಚೌಕಟ್ಟಿನ ಶೇ. 85ರಷ್ಟು ತುಂಬಬೇಕು. ಚಾರ್ಟ್ ಶೀಟ್ ಎಷ್ಟೇ ಬಿಳಿ ಇದ್ದರೂ ಒಂದೇ ಸಲಕ್ಕೆ 255 ಬರೋದು ಕಷ್ಟ. ಹಿನ್ನೆಲೆ ತಿದ್ದಿ, ವಸ್ತುವನ್ನ ಮುಟ್ಟಬೇಡಿ. ನಾವು ಎಳೆಯೋ ಗೆರೆ ಇಷ್ಟೇ.

ಇದಕ್ಕೆ ಬರೋ ಎದುರು ಮಾತು ಗಟ್ಟಿಯಾಗೇ ಇದೆ. ಸಾದಾ ಫೋಟೋ ಯಾರೂ ನೋಡಲ್ಲ, ಬೆರಳು ಜಾರಿಸಿ ಮುಂದೆ ಹೋಗ್ತಾರೆ, ಪಕ್ಕದವನು ಮಿಂಚಿಸಿದ ಫೋಟೋ ಹಾಕಿ ಮಾರ್ಕೊಳ್ತಾನೆ. ನಿಜ, ಮೊದಲ ವಾರ ಅವನದೇ ಹೆಚ್ಚು ಹೋಗುತ್ತೆ. ನಾವು ಫೋಟೋ ಮಂಕಾಗಿರಲಿ ಅಂತ ಹೇಳ್ತಿಲ್ಲ. ಅಕ್ಕ ಉಟ್ಟು ನಿಂತ ಚಂದದ ಫೋಟೋ ಮೊದಲು ಇರಲಿ. ಅದರ ಹಿಂದೆಯೇ ಹಗಲು ಬೆಳಕಿನಲ್ಲಿ ಬಿಳಿ ಹಾಳೆ ಪಕ್ಕ ಇಟ್ಟ ಫೋಟೋ, ಅಂಚಿನ ಹಿಂಬದಿ, ಎಲ್ಲಾದರೂ ಎಳೆ ಗಂಟು ಬಿದ್ದಿದ್ದರೆ ಅದೂ ಇರಲಿ. ಸಣ್ಣ ಮನೆಗೆ ಬೇಕಾಗಿರೋದು ಸಾವಿರ ಜನ ಒಮ್ಮೆ ನೋಡೋದಲ್ಲ. ಕೊಂಡ ಹತ್ತು ಜನ ವರಮಹಾಲಕ್ಷ್ಮಿಗೆ ಒಂದು, ಮಗಳ ಮದುವೆಗೆ ನಾಲ್ಕು ಅಂತ ಮತ್ತೆ ಬರೋದು.

ಮನೆಯಲ್ಲೇ ತೆಗೆಯಬೇಕು ಅನ್ನೋದಕ್ಕೆ ಇನ್ನೊಂದು ಕಾರಣ, ಆ ಫೋಟೋ ಯಾರದ್ದು ಅನ್ನೋದು. ಸೀರೆ ಗುಂಪುಗಳಲ್ಲಿ ಒಂದೇ ಫೋಟೋ ಐವತ್ತು ಕೈ ದಾಟಿರುತ್ತೆ. ಒಬ್ಬೊಬ್ಬರದು ಒಂದೊಂದು ರೇಟು. ನೇಯ್ದವರ ಊರಿನ ಹೆಸರು ಮೊದಲ ಎರಡು ಕೈಯಲ್ಲೇ ಕಳೆದುಹೋಗಿ, ವೈ.ಎನ್.ಹೊಸಕೋಟೆ ಸೀರೆ ಗಡಿಯಾಚೆಯ ಧರ್ಮಾವರದ ಹೆಸರಿನಲ್ಲೋ, ಬರೀ 'ಪ್ಯೂರ್ ಸಿಲ್ಕ್' ಅನ್ನೋ ಹೆಸರಿನಲ್ಲೋ ಹೋದರೂ ಕೇಳೋರಿಲ್ಲ. ನಮ್ಮ ಫೋಟೋದಲ್ಲಿ ನಮ್ಮ ಮಗ್ಗ, ನಮ್ಮ ಕಲ್ಲುಗೋಡೆ, ನಮ್ಮ ಅಂಗಳ ಇದ್ದರೆ ಕದಿಯೋದು ಸ್ವಲ್ಪ ಕಷ್ಟ. ಮಧುಗಿರಿಯವರು ಏಕಶಿಲಾ ಬೆಟ್ಟ ಹಿಂದೆ ಬರೋ ಹಾಗೆ ತೆಗೆದರೆ ವಾಟರ್‌ಮಾರ್ಕೇ ಬೇಕಿಲ್ಲ ಅಂತ ನಮ್ಮಲ್ಲೊಬ್ಬರ ವಾದ. ಬೆಟ್ಟ ಮಾರಾಟಕ್ಕಿಲ್ಲ ಅಂತ ಕೆಳಗೆ ಬರೀಬೇಕಾಗುತ್ತೆ ಅನ್ನೋದು ಇನ್ನೊಬ್ಬರ ಉತ್ತರ.

ಆದರೆ ಅಕ್ಕನ ಫೋಟೋ ವಿಷಯದಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಮನೆಯ ಹೆಣ್ಣುಮಕ್ಕಳ ಮುಖ ಐವತ್ತು ಗುಂಪು ಸುತ್ತೋದು ಬೇಡ ಅಂತ ಕೆಲವರು. ಅದನ್ನ ಅವಳು ಹೇಳಲಿ, ನೀವು ಯಾರು ಹೇಳೋಕೆ ಅಂತ ಸಂಘದ ಹುಡುಗಿಯರು. ಎರಡನೆಯದೇ ಸರಿ ಅಂತ ಈ ಬರಹದ ಮಟ್ಟಿಗೆ ತೀರ್ಮಾನ. ಅವಳು ಬೇಡ ಅಂದ್ರೆ ಕತ್ತಿನ ಕೆಳಗೆ ತೆಗೆಯಿರಿ, ಬಳೆ ಹಾಕಿದ ಕೈ ಸಾಕು ಸೆರಗು ಹಿಡಿಯೋಕೆ. ಜೊತೆಗೆ ಒಂದು ತಾಂತ್ರಿಕ ಎಚ್ಚರಿಕೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕುಗ್ಗುತ್ತೆ ಅಂತ ಡಾಕ್ಯುಮೆಂಟ್ ಆಗಿ ಕಳಿಸೋ ಉಪಾಯ ಎಲ್ಲರಿಗೂ ಗೊತ್ತು. ಹಾಗೆ ಕಳಿಸಿದಾಗ ಮೂಲ ಫೈಲ್ ಇದ್ದ ಹಾಗೇ ಹೋಗುತ್ತೆ, ಅದರೊಳಗಿನ ಜಿಪಿಎಸ್ ಸ್ಥಳವೂ ಹೋಗುತ್ತೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಟ್ಯಾಗ್ ಆರಿಸಿ, ಆಮೇಲೆ ತೆಗೆಯಿರಿ.

ಅದಕ್ಕೇ ಮುಂದಿನ ಹ್ಯಾಕಥಾನಿಗೆ ನಮ್ಮದೊಂದು ಬೇಡಿಕೆ ಇದೆ. ಮಾರಾಟದ ಆ್ಯಪ್ ಮಾಡೋ ತಂಡ ಕನಿಷ್ಠ ಹತ್ತು ನಿಜವಾದ ವಸ್ತುಗಳ ಫೋಟೋವನ್ನ, ತಾವೇ ಹೋಗಿ, ಮಾಡಿದವರ ಒಪ್ಪಿಗೆ ಪಡೆದು ತೆಗೆದುಕೊಂಡು ಬರಲಿ. ತೀರ್ಪುಗಾರರ ಮೇಜಿನ ಮೇಲೆ ಆ ವಸ್ತುವನ್ನೂ ಇಡಲಿ. ಫೋಟೋ ಒಂದು ಕೈಯಲ್ಲಿ, ವಸ್ತು ಇನ್ನೊಂದು ಕೈಯಲ್ಲಿ ಹಿಡಿದು ಅಂಕ ಕೊಡಲಿ.

ಅಲ್ಲೀತನಕ ಕಾಯಬೇಕಾಗಿಲ್ಲ. ಆಷಾಢದ ಮೋಡ ಕವಿದ ಆಕಾಶಕ್ಕಿಂತ ಒಳ್ಳೇ ಬೆಳಕು ಇಲ್ಲ, ಇಡೀ ಆಕಾಶವೇ ಅಜ್ಜನ ಪಂಚೆ. ಶ್ರಾವಣದ ವ್ಯಾಪಾರಕ್ಕೆ ಮನೆಗಳಲ್ಲಿ ಸೀರೆ ಸಿದ್ಧವಾಗೋದೂ ಅದೇ ಹೊತ್ತಿಗೆ. ಶನಿವಾರ ಊರಿಗೆ ಬಸ್ ಹತ್ತುವವರು ಜೆರಾಕ್ಸ್ ಅಂಗಡಿಯಲ್ಲಿ ಎರಡು ಬಿಳಿ ಚಾರ್ಟ್ ಶೀಟ್ ತಗೊಳ್ಳಿ. ಮಡಚಿ ಬ್ಯಾಗಿಗೆ ತುರುಕಬೇಡಿ, ಸುತ್ತಿ ಕೈಯಲ್ಲಿ ಹಿಡ್ಕೊಳ್ಳಿ. ಮಡಿಕೆಯ ಗೆರೆ ಫೋಟೋದಲ್ಲಿ ಕಾಣುತ್ತೆ.